ವಾಕಿಟಾಕಿ ಮಾರಿದರೆ ಸಾಲದು, ಒಳಗಿನ ಫೈಲೂ ಕೊಡಿ

ಮಾನ್ಯ ಸಂಪಾದಕರೇ,

ನಾನು ಚಿಂತಾಮಣಿಯಲ್ಲಿ 21 ವರ್ಷದಿಂದ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮೊದಲು ಟೇಪ್ ರೆಕಾರ್ಡರ್, ಕಲರ್ ಟಿವಿ ಬರುತ್ತಿದ್ದವು. ಆಮೇಲೆ ಯುಪಿಎಸ್, ಬೋರ್‌ವೆಲ್ ಪ್ಯಾನೆಲ್ ಬೋರ್ಡಿನ ಕೆಲಸ. ಈಗ ಆರೇಳು ವರ್ಷದಿಂದ ವಾಕಿಟಾಕಿ ಜಾಸ್ತಿ. ಕಲ್ಲು ಕ್ರಷರ್‌ನವರು ತರುತ್ತಾರೆ, ಫ್ಯಾಕ್ಟರಿ ಸೆಕ್ಯುರಿಟಿಯವರು ತರುತ್ತಾರೆ, ಶಾಲೆಯವರು, ದೇವಸ್ಥಾನದವರು ತರುತ್ತಾರೆ. ನನಗೆ ಹವ್ಯಾಸಿ ರೇಡಿಯೊ ಲೈಸೆನ್ಸೂ ಇದೆ. ಹಾಗಾಗಿ ಇದು ಹೊಟ್ಟೆಪಾಡೂ ಹೌದು, ಇಷ್ಟಪಟ್ಟು ಮಾಡುವ ಕೆಲಸವೂ ಹೌದು.

ಈ ಪತ್ರದಲ್ಲಿ ನಾನು ಕೇಳುವುದು ಒಂದೇ. ಡಿಜಿಟಲ್ ವಾಕಿಟಾಕಿ ಮಾರುವವರು ಸೆಟ್ಟಿನ ಜೊತೆಗೆ ಅದರೊಳಗೆ ತುಂಬಿದ, ಚಾನೆಲ್ಲುಗಳ ವಿವರ ಇರುವ ಫೈಲನ್ನೂ, ಅದರ ಪಾಸ್‌ವರ್ಡನ್ನೂ ಕೊಂಡವರ ಕೈಗೆ ಕೊಡಬೇಕು. ಕೊಳ್ಳುವವರು ಅದನ್ನು ಕೇಳಿ ಪಡೆಯಬೇಕು. ಯಾಕೆ ಅಂತ ಗೊತ್ತಾಗಬೇಕಾದರೆ ನಮ್ಮ ಕಡೆಯ ಒಂದು ಊರಿನಲ್ಲಿ ತೇರಿನ ಹಿಂದಿನ ದಿನ ಆಗಿದ್ದನ್ನು ಹೇಳಬೇಕು.

ಅವತ್ತು ಸಂಜೆ 4 ಗಂಟೆ. ಒಬ್ಬ ಹಿರಿಯರು, ಅವರ ಜೊತೆ ಇಬ್ಬರು ಹುಡುಗರು ಒಂದು ಟೊಮೆಟೊ ಕ್ರೇಟ್ ಹಿಡಿದುಕೊಂಡು ಅಂಗಡಿಗೆ ಬಂದರು. ಕ್ರೇಟಿನಲ್ಲಿ ಟವೆಲ್ ಹಾಸಿ 14 ವಾಕಿಟಾಕಿ ಸಾಲಾಗಿ ಇಟ್ಟಿದ್ದರು. ಮೇಲೊಂದು ಪ್ಲಾಸ್ಟಿಕ್ ಕವರಿನಲ್ಲಿ ಲೈಸೆನ್ಸಿನ ಜೆರಾಕ್ಸ್. ಹಿರಿಯರು ದೇವಸ್ಥಾನದ ಟ್ರಸ್ಟಿನವರು. ‘ಅಮ್ಮಾ, ನಾಳೆ ಬೆಳಿಗ್ಗೆ ತೇರು. ಒಂದರ ಮಾತು ಇನ್ನೊಂದಕ್ಕೆ ಕೇಳಿಸ್ತಾ ಇಲ್ಲ’ ಅಂದರು. ಹುಡುಗರಲ್ಲಿ ಒಬ್ಬ ತಲೆ ತಗ್ಗಿಸಿಕೊಂಡು ನಿಂತಿದ್ದ.

ಜಾತ್ರೆಯಲ್ಲಿ ಮೊಬೈಲ್ ಇರುವಾಗ ವಾಕಿಟಾಕಿ ಯಾಕೆ ಅಂತ ಕೇಳುವವರು ಒಮ್ಮೆ ತೇರಿನ ದಿನ ನಮ್ಮ ಕಡೆ ಬಂದು ನೋಡಬೇಕು. ದಿನಾ ಸಾವಿರ ಜನ ಇರುವ ಊರಿಗೆ ಅವತ್ತು ಹತ್ತಾರು ಸಾವಿರ ಜನ ಬರುತ್ತಾರೆ. ಎಲ್ಲರ ಕೈಯಲ್ಲೂ ಫೋನು, ಇರುವುದು ಒಂದೇ ಟವರು. 11 ಗಂಟೆ ಹೊತ್ತಿಗೆ ಯಾರಿಗೂ ಕಾಲ್ ಹೋಗುವುದಿಲ್ಲ. ಆಗ ತೇರಿನ ಮುಂದೆ ಹಗ್ಗ ಹಿಡಿದವರಿಗೂ ಹಿಂದೆ ಗಾಲಿಗೆ ಮರದ ತುಂಡು ಕೊಡುವವರಿಗೂ ನಡುವೆ ಈ ಸೆಟ್ಟೇ ದಾರಿ. ಹೋದ ವರ್ಷ ಐದು ವರ್ಷದ ಹುಡುಗಿಯೊಬ್ಬಳು ತಪ್ಪಿಸಿಕೊಂಡಿದ್ದಳಂತೆ. ಕಲ್ಯಾಣಿ ಹತ್ತಿರ ಸೆಟ್ ಹಿಡಿದು ನಿಂತಿದ್ದವನು ಹಳದಿ ಲಂಗ ನೋಡಿ ತಕ್ಷಣ ಹೇಳಿದ. ಹತ್ತು ನಿಮಿಷದಲ್ಲಿ ಮಗು ತಾಯಿ ಮಡಿಲಿನಲ್ಲಿತ್ತು. ಹಿರಿಯರು ಇದನ್ನು ಹೇಳುವಾಗ ಅವರ ದನಿ ನಡುಗಿತು.

ಏನಾಯಿತಪ್ಪಾ ಅಂತ ತಲೆ ತಗ್ಗಿಸಿ ನಿಂತಿದ್ದವನನ್ನು ಕೇಳಿದೆ. ಸುಳ್ಳು ಹೇಳಲಿಲ್ಲ. ಸೆಟ್ಟುಗಳಲ್ಲಿ ಬ್ಯಾಟರಿ ಗುರುತು ತಪ್ಪು ತೋರಿಸುತ್ತಿತ್ತು. ಹೊಸ ಫರ್ಮ್‌ವೇರ್, ಅಂದರೆ ಸೆಟ್ಟನ್ನು ನಡೆಸುವ ಪ್ರೋಗ್ರಾಂ, ಹಾಕಿದರೆ ಸರಿ ಹೋಗುತ್ತೆ ಅಂತ ಎಲ್ಲೋ ಓದಿದ. ಫೈಲ್ ಸಿಕ್ಕಿತು. ಅವನ ಅಣ್ಣ ಬೆಂಗಳೂರಿನಿಂದ ತಂದಿದ್ದ ಲ್ಯಾಪ್‌ಟಾಪಿನಲ್ಲಿ ಭಾನುವಾರ ಕೂತು ಒಂದೊಂದೇ ಸೆಟ್ಟಿಗೆ ಹಾಕಿದ. ಆರು ಸೆಟ್ ಸರಿಯಾಗಿ ಆದವು. ಏಳನೆಯದು ಅರ್ಧದಲ್ಲಿ ಕಪ್ಪಾಗಿ ಹೋಯಿತು. ಹೆದರಿ ನಿಲ್ಲಿಸಿದ. ಉಳಿದ ಏಳು ಸೆಟ್ ಮುಟ್ಟಲಿಲ್ಲ.

ಕಪ್ಪಾಗಿದ್ದು ಒಂದೇ ಸೆಟ್ಟಾದರೂ ದೊಡ್ಡ ತೊಂದರೆ ಆಗಿದ್ದು ಸರಿಯಾದ ಆ ಆರರಲ್ಲಿ. ಅಪ್‌ಡೇಟ್ ಆದ ಮೇಲೆ ಸೆಟ್ ರೀಸೆಟ್ ಮಾಡಿ ಅಂತ ಬರೆದಿತ್ತಂತೆ. ಮಾಡಿದ್ದಾನೆ. ಒಳಗಿದ್ದ ಚಾನೆಲ್ಲೆಲ್ಲ ಅಳಿಸಿ ಹೋಯಿತು. ಮುಟ್ಟದೆ ಬಿಟ್ಟ ಸೆಟ್ಟಿನಿಂದ ಓದಿಕೊಳ್ಳೋಣ ಅಂತ ಹೋದರೆ ಪಾಸ್‌ವರ್ಡ್ ಕೇಳಿತು. ಮಾರಿದವರು ಬೀಗ ಹಾಕಿಟ್ಟಿದ್ದರು. ಕೊನೆಗೆ ಲೈಸೆನ್ಸ್ ಕಾಗದದಲ್ಲಿದ್ದ ಎರಡು ಫ್ರೀಕ್ವೆನ್ಸಿ ನೋಡಿಕೊಂಡು ತಾನೇ ಹೊಸ ಫೈಲ್ ಮಾಡಿ ಆರಕ್ಕೂ ತುಂಬಿದ. ಆ ಆರು ಸೆಟ್ ಒಂದಕ್ಕೊಂದು ಮಾತಾಡಲಿಲ್ಲ. ಹಳೆಯ ಏಳರ ಜೊತೆಗೂ ಮಾತಾಡಲಿಲ್ಲ. ಇಲ್ಲಿ ಒತ್ತಿದರೆ ಅಲ್ಲಿ ಹಸಿರು ದೀಪ ಹತ್ತುತ್ತೆ, ದನಿ ಮಾತ್ರ ಬರಲ್ಲ.

ಮಾರಿದವರಿಗೆ ಫೋನ್ ಮಾಡಿಸಿದೆ. ನಾಲ್ಕನೇ ಸಲಕ್ಕೆ ಎತ್ತಿದರು. ಫೈಲ್ ಕೊಡುವ ಪದ್ಧತಿ ತಮ್ಮಲ್ಲಿಲ್ಲ, ಸೆಟ್ಟುಗಳನ್ನೆಲ್ಲ ಬೆಂಗಳೂರಿಗೆ ತನ್ನಿ, ಸೋಮವಾರ ನೋಡೋಣ, ಸೆಟ್ಟಿಗೆ ಇಷ್ಟು ಅಂತ ಚಾರ್ಜ್ ಆಗುತ್ತೆ ಅಂದರು. ತೇರು ನಾಳೆ ಅಂದರೂ ಅದೇ ಉತ್ತರ. ಹಿರಿಯರು ಫೋನನ್ನು ಜೇಬಿಗೆ ಹಾಕಿಕೊಂಡು ಸುಮ್ನೆ ನನ್ನ ಮುಖ ನೋಡಿದರು.

ಇಲ್ಲಿ ಓದುಗರಿಗೆ ಎರಡು ಮಾತು ಬಿಡಿಸಿ ಹೇಳಬೇಕು. ಹಳೆಯ ಕಾಲದ ವಾಕಿಟಾಕಿ ಅನಲಾಗ್. ಫ್ರೀಕ್ವೆನ್ಸಿ ಒಂದಾದರೆ ಗರಗರ ಅಂತಾದರೂ ಮಾತು ಕೇಳುತ್ತಿತ್ತು. ಈಗ ಬರುವ ಡಿಜಿಟಲ್ ಸೆಟ್ಟುಗಳಲ್ಲಿ ಬಹಳಷ್ಟು ಡಿಎಂಆರ್ ಅನ್ನುವ ಪದ್ಧತಿಯವು. ಯುರೋಪಿನ ಇಟಿಎಸ್‌ಐ ಸಂಸ್ಥೆ 2005ರಲ್ಲಿ ಹೊರತಂದ ಮಾನದಂಡ ಅದು. ಮಾತನ್ನು ಅಂಕಿಗಳಾಗಿ ಮಾಡಿ ಕಳಿಸುತ್ತೆ. 12.5 ಕಿಲೋಹರ್ಟ್ಸ್ ಅಗಲದ ಒಂದು ಚಾನೆಲ್ಲನ್ನು 30 ಮಿಲಿಸೆಕೆಂಡಿನ ಎರಡು ಸರದಿಯಾಗಿ ಹಂಚುತ್ತೆ. ಸೆಟ್ ತನ್ನ ಸರದಿಯಲ್ಲಿ ಮಾತ್ರ ತರಂಗ ಬಿಡುವುದರಿಂದ ಬ್ಯಾಟರಿಯೂ ಉಳಿಯುತ್ತೆ. ದನಿಯೂ ಸ್ವಚ್ಛ. ಒಳ್ಳೆಯ ಪದ್ಧತಿಯೇ, ನಾನೇ ಎಷ್ಟೋ ಜನಕ್ಕೆ ತೆಗೆದುಕೊಳ್ಳಿ ಅಂತ ಹೇಳಿದ್ದೇನೆ. ಆದರೆ ಇದರಲ್ಲಿ ಅರೆಬರೆ ಅನ್ನುವುದಿಲ್ಲ. ಎಲ್ಲ ಅಂಕಿ ಹೊಂದಿದರೆ ಪೂರ್ತಿ ಕೇಳುತ್ತೆ. ಮುಖ್ಯವಾದ ಒಂದು ಅಂಕಿ ತಪ್ಪಿದರೂ ಏನೂ ಕೇಳಲ್ಲ.

ಆ ಅಂಕಿಗಳೆಲ್ಲ ಇರುವ ಫೈಲಿಗೆ ನಾವು ಕೋಡ್‌ಪ್ಲಗ್ ಅನ್ನುತ್ತೇವೆ. ಫ್ರೀಕ್ವೆನ್ಸಿ, ಕಲರ್ ಕೋಡ್, ಸ್ಲಾಟು (ಆ ಎರಡು ಸರದಿಯಲ್ಲಿ ಯಾವುದು ಅಂತ), ಗ್ರೂಪ್ ನಂಬರ್, ಪ್ರತಿ ಸೆಟ್ಟಿನ ಐಡಿ, ಯಾವ ಬಟನ್ ಏನು ಮಾಡಬೇಕು, ಎಲ್ಲ ಅದರಲ್ಲೇ. ಅದನ್ನು ಓದಿ ಬರೆಯುವ ಕಂಪ್ಯೂಟರ್ ಸಾಫ್ಟ್‌ವೇರಿಗೆ ಸಿಪಿಎಸ್ ಅಂತ ಹೆಸರು. ಫರ್ಮ್‌ವೇರ್ ಬೇರೆ. ಅದು ಸೆಟ್ಟನ್ನು ನಡೆಸುವ ಮೂಲ ಪ್ರೋಗ್ರಾಂ. ಮೂರೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಫರ್ಮ್‌ವೇರ್ ಹೊಸದಾದರೆ ಹಳೆಯ ಸಿಪಿಎಸ್ ಎಷ್ಟೋ ಸಲ ಸೆಟ್ಟನ್ನು ಗುರುತೇ ಹಿಡಿಯಲ್ಲ.

ಕೆಲಸ ಶುರು ಮಾಡಿದೆ. ಅಣ್ಣನ ಲ್ಯಾಪ್‌ಟಾಪ್ ಅಣ್ಣನ ಜೊತೆ ಬೆಂಗಳೂರಿಗೆ ಹೋಗಿತ್ತು. ಹುಡುಗನ ಹತ್ತಿರ ಉಳಿದಿದ್ದು ಕೇಬಲ್ಲು, ಒಂದು ಪೆನ್ ಡ್ರೈವು. ಕೇಬಲ್ಲನ್ನು ನನ್ನ ಕಂಪ್ಯೂಟರಿಗೆ ಚುಚ್ಚಿದೆ. ಕಂಪ್ಯೂಟರಿಗೆ ಜೋಡಿಸಿದ್ದನ್ನೆಲ್ಲ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ, ಕೋಡ್ 10, ಅಂದರೆ ಕೇಬಲ್ ನಡೆಯುತ್ತಿಲ್ಲ. ಇದು ನಮ್ಮ ಕೆಲಸದಲ್ಲಿ ಮನೆಮಾತು. ಯುಎಸ್‌ಬಿ ತುದಿಯ ಒಳಗೆ ಒಂದು ಸಣ್ಣ ಚಿಪ್ ಇರುತ್ತೆ. ಪ್ರೊಲಿಫಿಕ್ ಕಂಪನಿಯ ಚಿಪ್ಪಿಗೆ ಮಾರುಕಟ್ಟೆಯಲ್ಲಿ ನಕಲು ಬಹಳ. ಆ ಚಿಪ್ಪನ್ನು ನಡೆಸುವ ಕಂಪ್ಯೂಟರ್ ಸಾಫ್ಟ್‌ವೇರಿಗೆ ಡ್ರೈವರ್ ಅನ್ನುತ್ತಾರೆ. ಹೊಸ ಡ್ರೈವರ್ ನಕಲನ್ನು ಕಂಡುಹಿಡಿದು ಕೆಲಸ ಮಾಡಲು ಒಪ್ಪುವುದಿಲ್ಲ. ಹಳೆಯ ವಿಂಡೋಸ್ ಇದ್ದ ಲ್ಯಾಪ್‌ಟಾಪಿನಲ್ಲಿ ನಡೆದ ಕೇಬಲ್ಲು ನನ್ನಲ್ಲಿ ನಡೆಯಲಿಲ್ಲ. ಜನ ಇಂಥ ಹೊತ್ತಲ್ಲಿ ಸೆಟ್ಟೇ ಕೆಟ್ಟಿತು ಅಂದುಕೊಳ್ಳುತ್ತಾರೆ. ನನ್ನ ಡ್ರಾಯರಿನಲ್ಲಿ ಅಸಲಿ ಚಿಪ್ಪಿನ ಕೇಬಲ್ ಇತ್ತು. ಅದನ್ನು ಹಾಕಿದೆ. ಆಗಲೂ ಎರಡು ಸೆಟ್ ಉತ್ತರ ಕೊಡಲಿಲ್ಲ. ನೋಡಿದರೆ ಸೆಟ್ಟಿಗೆ ಹೊದಿಸಿದ್ದ ಚರ್ಮದ ಕವರು ಅಡ್ಡ ಬಂದು ಎರಡು ಪಿನ್ನಿನ ಪ್ಲಗ್ ಪೂರ್ತಿ ಒಳಗೆ ಕೂತಿರಲಿಲ್ಲ. ಕವರ್ ಬಿಚ್ಚಿ ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ‘ಟಕ್’ ಅಂತ ಕೂತಿತು. ಓದತೊಡಗಿತು.

ಪೆನ್ ಡ್ರೈವಿನಲ್ಲಿ ಎರಡು ಸಿಪಿಎಸ್ ಇದ್ದವು. ಹಳೆಯದಕ್ಕೆ ಆ ಆರು ಸೆಟ್ ಸಿಗಲಿಲ್ಲ. ಹೊಸದಕ್ಕೆ ಸಿಕ್ಕವು. ಮೊದಲ ಕೆಲಸ ಅಂದರೆ ಆರನ್ನೂ ಓದಿ, ಸೀರಿಯಲ್ ನಂಬರಿನ ಹೆಸರಿನಲ್ಲಿ ಆರು ಫೈಲ್ ಬೇರೆ ಬೇರೆ ಉಳಿಸಿದೆ. ಎಷ್ಟೇ ಅವಸರ ಇದ್ದರೂ ನಾನು ಇದನ್ನು ಬಿಡುವುದಿಲ್ಲ. ತಪ್ಪಾದ ಫೈಲನ್ನೂ ಉಳಿಸಿಕೊಳ್ಳಬೇಕು. ಯಾಕೆಂದರೆ ನಾವು ಮಾಡುವುದು ಅದಕ್ಕಿಂತ ತಪ್ಪಾದರೆ ವಾಪಸ್ ಬರೋಕೆ ಒಂದು ಜಾಗ ಬೇಕು.

ಫೈಲ್ ತೆರೆದ ತಕ್ಷಣ ಒಂದು ತಪ್ಪು ಕಂಡಿತು. ರಿಸೀವ್ ಗ್ರೂಪ್ ಲಿಸ್ಟ್ ಖಾಲಿ. ಯಾವ ಗ್ರೂಪಿನ ಮಾತಿಗೆ ಸ್ಪೀಕರ್ ತೆರೆಯಬೇಕು ಅಂತ ಸೆಟ್ಟಿಗೆ ಹೇಳುವ ಪಟ್ಟಿ ಅದು. ಖಾಲಿ ಬಿಟ್ಟಿದ್ದರಿಂದ ಸಿಗ್ನಲ್ ಬಂದರೂ, ದೀಪ ಹತ್ತಿದರೂ, ಸ್ಪೀಕರ್ ಬಾಯಿ ಬಿಡುತ್ತಿರಲಿಲ್ಲ. ಅದನ್ನು ತುಂಬಿದ ಮೇಲೆ ಆರು ಸೆಟ್ ತಮ್ಮ ತಮ್ಮಲ್ಲೇ ಮಾತಾಡಿದವು. ಹಿರಿಯರ ಮುಖದಲ್ಲಿ ಸ್ವಲ್ಪ ಬೆಳಕು ಬಂತು. ಆದರೆ ಬೀಗ ಹಾಕಿದ ಏಳು ಇನ್ನೂ ಬೇರೆಯೇ ಲೋಕದಲ್ಲಿದ್ದವು.

ಕಲರ್ ಕೋಡ್ ಬೇರೆ ಇರಬೇಕು ಅನ್ನಿಸಿತು. ಹೆಸರು ಬಣ್ಣದ್ದಾದರೂ ಅದು ಬಣ್ಣವಲ್ಲ, 0ಯಿಂದ 15ರವರೆಗಿನ ಒಂದು ಅಂಕಿ. ಒಂದೇ ಫ್ರೀಕ್ವೆನ್ಸಿಯಲ್ಲಿ ಬೇರೆ ಬೇರೆಯವರು ಇದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಿರಲಿ ಅಂತ ಇಟ್ಟಿದ್ದು. ಹುಡುಗನ ಫೈಲಿನಲ್ಲಿ 1 ಅಂತ ಇತ್ತು. ಸಿಪಿಎಸ್ ತೆರೆದಾಗ ತಾನಾಗಿ ಬರುವ ಅಂಕಿ ಅದು. ಮಾರಿದವರು ಬೇರೆ ಯಾವುದೋ ಇಟ್ಟಿದ್ದರು, ಓದೋಕೆ ಬಿಡುತ್ತಿರಲಿಲ್ಲ. ಬೀಗ ಒಡೆಯುವ ದಾರಿಗಳ ಬಗ್ಗೆ ಜನ ಮಾತಾಡುತ್ತಾರೆ. ನಾನು ಆ ದಾರಿ ಹಿಡಿಯುವುದಿಲ್ಲ. ಇವತ್ತು ದೇವಸ್ಥಾನದ ಸೆಟ್ಟು, ನಾಳೆ ಕದ್ದ ಸೆಟ್ಟನ್ನೂ ಯಾರಾದರೂ ಕ್ರೇಟಿನಲ್ಲಿ ತರಬಹುದು.

ಅದಕ್ಕೆ ಬೇರೆ ಉಪಾಯ ಮಾಡಿದೆ. ಸೆಟ್ಟಿನ ತಲೆಯ ಮೇಲಿನ ತಿರುಗುವ ಗುಂಡಿಗೆ 16 ಜಾಗ ಇದೆ. ಕಲರ್ ಕೋಡೂ 16. ಅಪ್‌ಡೇಟ್ ಆದ ಆರರಲ್ಲಿ ಒಂದು ಸೆಟ್ಟಿನಲ್ಲಿ ಅದೇ ಫ್ರೀಕ್ವೆನ್ಸಿಯ 16 ಚಾನೆಲ್ ಮಾಡಿದೆ, ಮೊದಲ ಜಾಗಕ್ಕೆ 0, ಎರಡನೆಯದಕ್ಕೆ 1, ಹೀಗೆ ಒಂದೊಂದಕ್ಕೆ ಒಂದೊಂದು ಕೋಡು. ಬೀಗ ಹಾಕಿದ ಸೆಟ್ಟನ್ನು ಹುಡುಗನ ಕೈಗೆ ಕೊಟ್ಟು ರಸ್ತೆ ಕೊನೆಯ ಹೋಟೆಲ್ ಹತ್ತಿರ ಕಳಿಸಿದೆ. ‘ಒತ್ತಿ ಹಿಡಿದು ಒಂದು, ಎರಡು ಅಂತ ಎಣಿಸ್ತಾ ಇರಪ್ಪಾ, ನಾನು ಬಾ ಅನ್ನೋವರೆಗೂ ನಿಲ್ಲಿಸಬೇಡ. ತಾನೇ ಕಟ್ಟಾದರೆ ಮತ್ತೆ ಒತ್ತು’ ಅಂದೆ. ಇಂಥ ಸೆಟ್ಟುಗಳಲ್ಲಿ ಒಬ್ಬರೇ ತುಂಬ ಹೊತ್ತು ಒತ್ತಿದರೆ ತಾನಾಗಿ ಬಿಡಿಸಿಕೊಳ್ಳುವ ವ್ಯವಸ್ಥೆ ಇರುತ್ತೆ.

ಮಾನಿಟರ್ ಬಟನ್ ಒತ್ತಿಟ್ಟುಕೊಂಡು ಗುಂಡಿ ತಿರುಗಿಸಿದೆ. ಮಾನಿಟರ್ ಒತ್ತಿದರೆ ಗ್ರೂಪ್ ಯಾವುದೇ ಇರಲಿ, ಸ್ಪೀಕರ್ ತೆರೆಯುತ್ತೆ. ಮೊದಲನೇ ಜಾಗ, ಏನೂ ಇಲ್ಲ. ಎರಡು, ಮೂರು, ನಾಲ್ಕು. ಒಂದೊಂದರಲ್ಲೂ ಐದಾರು ಸೆಕೆಂಡ್ ನಿಲ್ಲುತ್ತಿದ್ದೆ. ಹಸಿರು ದೀಪ ಹತ್ತಿಯೇ ಇತ್ತು. ಹಿರಿಯರು ಕ್ರೇಟಿನ ಅಂಚು ಹಿಡಿದು ಬಗ್ಗಿ ನಿಂತಿದ್ದರು. ಎಂಟು, ಒಂಬತ್ತು, ಹತ್ತು. ಹನ್ನೆರಡನೇ ಜಾಗಕ್ಕೆ ಬಂದಾಗ ಆ ಹುಡುಗನ ದನಿ ಪಕ್ಕದಲ್ಲೇ ನಿಂತಂತೆ ಸ್ಪಷ್ಟವಾಗಿ ಕೇಳಿತು: ‘ಐವತ್ತೇಳು, ಐವತ್ತೆಂಟು, ಐವತ್ತೊಂಬತ್ತು.’ ಸ್ಕ್ರೀನಿನ ಮೇಲೆ ಗ್ರೂಪ್ ನಂಬರ್ 100 ಅಂತ ಬಂತು. ಕಲರ್ ಕೋಡ್ 11, ಗ್ರೂಪ್ 100. ಇಷ್ಟೇ ಬೇಕಾಗಿದ್ದು. ಮಾರಿದವರು ಫೋನಿನಲ್ಲಿ ಈ ಎರಡು ಅಂಕಿ ಹೇಳಿದ್ದರೆ ಅರ್ಧ ನಿಮಿಷದ ಮಾತು.

ರಾತ್ರಿ 10 ಗಂಟೆ ಹೊತ್ತಿಗೆ ಆರನ್ನೂ ಏಳರ ಜೊತೆ ಹೊಂದಿಸಿದೆ. ಪ್ರತಿಯೊಂದಕ್ಕೂ ಬೇರೆ ಐಡಿ ಕೊಟ್ಟೆ. ಹುಡುಗ ಒಂದೇ ಫೈಲ್ ಎಲ್ಲಕ್ಕೂ ತುಂಬಿದ್ದರಿಂದ ಆರಕ್ಕೂ ಒಂದೇ ಐಡಿ ಇತ್ತು. ಹಾಗಿದ್ದರೆ ಯಾರು ಮಾತಾಡಿದರು ಅಂತ ಸ್ಕ್ರೀನಿನಲ್ಲಿ ಗೊತ್ತಾಗಲ್ಲ. ಕಲ್ಯಾಣಿ ಹತ್ತಿರ ಯಾರಾದರೂ ಕೂಗಿದರೆ ಅದು ಕಲ್ಯಾಣಿಯವನೇ ಅಂತ ತೇರಿನ ಹತ್ತಿರ ಇರುವವನಿಗೆ ತಿಳಿಯಬೇಕು ಅಲ್ವಾ? 13 ಸೆಟ್ ಕ್ರೇಟಿಗೆ ವಾಪಸ್ ಹೋದವು. ಮರುದಿನ ತೇರು ಚೆನ್ನಾಗಿ ನಡೆಯಿತು.

ಆ ಹುಡುಗನನ್ನು ಬಯ್ಯಬೇಡಿ ಅಂತ ಹಿರಿಯರಿಗೆ ಹೇಳಿ ಕಳಿಸಿದೆ. ಅವನು ಒಳ್ಳೆಯದಕ್ಕೇ ಮಾಡಿದ್ದು. ಆದರೆ ಅವನಂಥ ಹುಡುಗರು ಊರೂರಿನಲ್ಲಿದ್ದಾರೆ, ಕೈಯಲ್ಲಿ ಚಳಕ ಇದೆ, ಅವರಿಗೆ ಅಕ್ಕನ ಹಾಗೆ ಒಂದೆರಡು ಮಾತು ಹೇಳುತ್ತೇನೆ. ನಡೆಯುತ್ತಿರುವ ಸೆಟ್ಟಿಗೆ ಸುಮ್ನೆ ಹೊಸ ಫರ್ಮ್‌ವೇರ್ ಹಾಕಬೇಡಿ. ಯಾವ ತೊಂದರೆ ಸರಿ ಮಾಡೋಕೆ ಹಾಕುತ್ತಿದ್ದೀರಿ, ಆ ತೊಂದರೆ ಹೊಸದರಲ್ಲಿ ನಿಜವಾಗಿ ಸರಿಯಾಗಿದೆಯಾ ಅಂತ ಮೊದಲು ನೋಡಿ. ಹಾಕಲೇಬೇಕಾದರೆ ಒಂದು ಸೆಟ್ಟಿಗೆ ಹಾಕಿ, ವಾರ ಬಳಸಿ, ಆಮೇಲೆ ಉಳಿದವು. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಅದಕ್ಕೆ ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಬರೆಯುವ ನಡುವೆ ಕೇಬಲ್ ಅಲುಗಿದರೂ ಸೆಟ್ ಅರ್ಧದಲ್ಲಿ ನಿಲ್ಲುತ್ತೆ. ಬ್ಯಾಟರಿ ತೆಗೆದು ಹಿಂದಿನ ಚೀಟಿ ಓದಿ. ಹೊರಗಿನ ಮೈ ಒಂದೇ ಇದ್ದರೂ ಒಳಗಿನ ಬೋರ್ಡು ಬೇರೆ ಇರಬಹುದು. ಮಾಡೆಲ್ ಹೆಸರಿನ ಕೊನೆಯ ಒಂದು ಅಕ್ಷರಕ್ಕೆ ಬಹಳ ಅರ್ಥ ಇದೆ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಕೆಲವು ಸೆಟ್ಟುಗಳಲ್ಲಿ ಕೋಡ್‌ಪ್ಲಗ್ ಅಲ್ಲದೆ ಕ್ಯಾಲಿಬ್ರೇಷನ್ ಅಂಕಿಗಳೂ ಮೆಮೊರಿಯಲ್ಲೇ ಇರುತ್ತವೆ. ಫ್ರೀಕ್ವೆನ್ಸಿ ಎಷ್ಟು ನಿಖರ, ಪವರ್ ಎಷ್ಟು ಅಂತ ಫ್ಯಾಕ್ಟರಿಯಲ್ಲಿ ಆ ಒಂದು ಸೆಟ್ಟಿಗೇ ಅಳೆದು ಬರೆದಿದ್ದು. ಒಂದು ಸೆಟ್ಟಿನ ಪೂರ್ತಿ ಮೆಮೊರಿ ತೆಗೆದು ಇನ್ನೊಂದಕ್ಕೆ ತುಂಬಿದರೆ ಆ ಅಂಕಿ ಹೋಗಿಬಿಡುತ್ತೆ. ಆಮೇಲೆ ಅದನ್ನು ಸರಿ ಮಾಡೋಕೆ ಅಳತೆ ಉಪಕರಣ ಇರುವ ಜಾಗಕ್ಕೇ ಹೋಗಬೇಕು. ಚಾನೆಲ್ ಫೈಲ್ ಮಾತ್ರ ನಕಲು ಮಾಡಿ. ಪೂರ್ತಿ ಮೆಮೊರಿಯ ನಕಲು ಅದೇ ಸೆಟ್ಟಿನ ಸೀರಿಯಲ್ ನಂಬರಿನ ಹೆಸರಿನಲ್ಲಿ ಬೇರೆ ಇಟ್ಟುಕೊಳ್ಳಿ, ಅದನ್ನು ಆ ಸೆಟ್ಟಿಗೆ ಬಿಟ್ಟು ಇನ್ನೊಂದಕ್ಕೆ ಹಾಕಬೇಡಿ.

ಈಗ ಮಾರುವವರ ವಿಷಯ. ಬೀಗ ಯಾಕೆ ಹಾಕುತ್ತಾರೆ ಅಂತ ನನಗೆ ಗೊತ್ತು. ಯಾರ್ಯಾರೋ ಕೈ ಹಾಕಿ ಫ್ರೀಕ್ವೆನ್ಸಿ ಕೆಡಿಸಿದರೆ ದೂರು ಬರುವುದು ಅವರಿಗೇ. ಅದು ನ್ಯಾಯವಾದ ಮಾತು. ಬೀಗ ಬೇಕು, ನಾನೂ ಹಾಕುತ್ತೇನೆ. ಆದರೆ ಬೀಗದ ಕೈ ಯಾರ ಹತ್ತಿರ ಇರಬೇಕು? ಮನೆ ಕಟ್ಟಿದ ಮೇಸ್ತ್ರಿ ದುಡ್ಡು ಪೂರ್ತಿ ತೆಗೆದುಕೊಂಡು ಬೀಗದ ಕೈ ಮಾತ್ರ ನನ್ನ ಹತ್ತಿರವೇ ಇರುತ್ತೆ, ಬಾಗಿಲು ತೆಗೀಬೇಕಾದರೆ ನನಗೆ ಹೇಳಿ ಅಂದರೆ ಯಾರು ಒಪ್ಪುತ್ತಾರೆ? ಫ್ರೀಕ್ವೆನ್ಸಿಯ ಲೈಸೆನ್ಸ್ ದೇವಸ್ಥಾನದ ಹೆಸರಿನಲ್ಲಿದೆ. ಸೆಟ್ಟಿನ ಬಿಲ್ ದೇವಸ್ಥಾನದ ಹೆಸರಿನಲ್ಲಿದೆ. ಆ ಸೆಟ್ಟಿನೊಳಗೆ ತುಂಬಿದ ಪಟ್ಟಿ ಮಾತ್ರ ಬೇರೆಯವರದು ಹೇಗಾಗುತ್ತೆ?

ಹಾಗಾಗಿ ಕೊಳ್ಳುವವರಿಗೆ ನನ್ನ ಕೈಮುಗಿದ ಬೇಡಿಕೆ. ದುಡ್ಡು ಕೊಡುವ ಮುಂಚೆ ಒಂದು ಪೆನ್ ಡ್ರೈವಿನಲ್ಲಿ ಕೋಡ್‌ಪ್ಲಗ್ ಫೈಲ್, ಅದಕ್ಕೆ ಹೊಂದುವ ಸಿಪಿಎಸ್, ಈಗ ಸೆಟ್ಟಿನಲ್ಲಿರುವ ಫರ್ಮ್‌ವೇರಿನ ಪ್ರತಿ, ಇಷ್ಟನ್ನು ಕೇಳಿ. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆಸಿಕೊಂಡು ಮೊಹರು ಮಾಡಿದ ಕವರಿನಲ್ಲಿಡಿ. ಅಸಲಿ ಕೇಬಲ್ ಒಂದನ್ನು ಸೆಟ್ಟಿನ ಜೊತೆಗೇ ತೆಗೆದುಕೊಳ್ಳಿ. ಈ ದೇವಸ್ಥಾನದವರು ಈಗ ಹೊಸ ಫೈಲಿನ ಎರಡು ಪ್ರತಿ ಮಾಡಿಸಿಕೊಂಡಿದ್ದಾರೆ. ಒಂದು ಉತ್ಸವಮೂರ್ತಿಯ ಒಡವೆ ಇಡುವ ಬೀರುವಿನಲ್ಲಿದೆ, ಒಂದು ಹಿರಿಯರ ಮನೆಯಲ್ಲಿ.

ಸರ್ಕಾರಿ ಕಚೇರಿಗಳೂ ಪಂಚಾಯಿತಿಗಳೂ ಪುರಸಭೆಗಳೂ ಸೆಟ್ ಕೊಳ್ಳುವಾಗ ಟೆಂಡರ್ ಕಾಗದದಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದುಬಿಟ್ಟರೆ ಸಾಕು. ಬ್ಯಾಟರಿ ಎಷ್ಟು, ಚಾರ್ಜರ್ ಎಷ್ಟು, ವಾರಂಟಿ ಎಷ್ಟು ಅಂತ ಬರೆಯುತ್ತಾರಲ್ಲ, ಅದರ ಜೊತೆಗೆ ಇನ್ನೊಂದು ಸಾಲು. ನೆರೆ ಬಂದಾಗ, ಬೆಟ್ಟದಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡಾಗ ಇಂಥ ಸೆಟ್ಟುಗಳನ್ನೇ ಹೊರತೆಗೆಯುತ್ತಾರೆ. ಅಂಥ ಹೊತ್ತಿನಲ್ಲಿ ಪಾಸ್‌ವರ್ಡ್ ಹುಡುಕೋಕೆ ಸಮಯ ಇರಲ್ಲ. ಬಳಸುವ ಪುಸ್ತಕವನ್ನು ಕನ್ನಡದಲ್ಲಿ ಕೊಡಿ ಅಂತಲೂ ಅದೇ ಸಾಲಿನಲ್ಲಿ ಸೇರಿಸಬಹುದು. ಸೆಟ್ ಹಿಡಿದು ನಿಲ್ಲುವವರು ನಮ್ಮ ಊರಿನ ಹುಡುಗರೇ.

ಕಾನೂನಿನ ಬಗ್ಗೆಯೂ ಹೇಳಿಬಿಡುತ್ತೇನೆ. ಸಿಪಿಎಸ್ ಕೈಯಲ್ಲಿದ್ದರೆ ಸೆಟ್ ಎಲ್ಲಿಯವರೆಗೆ ಹೋಗುತ್ತೋ ಅಲ್ಲಿಯವರೆಗಿನ ಯಾವ ಫ್ರೀಕ್ವೆನ್ಸಿ ಬೇಕಾದರೂ ತುಂಬಬಹುದು. ಅದಕ್ಕೇ ಲೈಸೆನ್ಸ್ ನೋಡದೆ ನಾನು ಕೇಬಲ್ ಚುಚ್ಚುವುದಿಲ್ಲ. ನಮ್ಮ ದೇಶದಲ್ಲಿ ಕಡಿಮೆ ಪವರಿನ ಸೆಟ್ಟುಗಳಿಗೆ 446.0ಯಿಂದ 446.2 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಬೇಡ, ಆದರೆ ಆ ಸೆಟ್ಟಿಗೂ ಇಟಿಎ ಅನ್ನುವ ಒಪ್ಪಿಗೆ ಇರಬೇಕು. ಅದರಾಚೆಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಲೈಸೆನ್ಸ್ ಬೇಕೇ ಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟದವರಿಗೆ ನೋಟಿಸ್ ಕೊಟ್ಟು, ಫ್ರೀಕ್ವೆನ್ಸಿಯ ವಿವರ, ಲೈಸೆನ್ಸಿನ ವಿವರ, ಇಟಿಎ ಏನೂ ಹೇಳದೆ ವಾಕಿಟಾಕಿ ಮಾರುವುದನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು. ಒಳ್ಳೆಯ ಕೆಲಸ. ಮಾರುವವರು ಏನು ತೋರಿಸಬೇಕು ಅಂತ ಅದು ಹೇಳಿತು. ಮಾರಿದ ಮೇಲೆ ಏನು ಕೈಗೆ ಕೊಡಬೇಕು ಅನ್ನುವುದನ್ನೂ ಯಾರಾದರೂ ಹೇಳಬೇಕು.

ಡಿಪ್ಲೊಮಾ ಓದುವಾಗ ನಮ್ಮನ್ನು ಗೌರಿಬಿದನೂರಿನ ರೇಡಿಯೊ ಟೆಲಿಸ್ಕೋಪ್ ನೋಡೋಕೆ ಕರೆದುಕೊಂಡು ಹೋಗಿದ್ದರು. ಬಯಲಿನಲ್ಲಿ ಟಿ ಆಕಾರದಲ್ಲಿ ಸಾಲು ಸಾಲು ಕಂಬ, ತಂತಿ. 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದಿಂದ ಬರುವ ಸಣ್ಣ ಸದ್ದನ್ನು ಕೇಳೋಕೆ ಕಟ್ಟಿದ್ದು. ಗಾಳಿಯಲ್ಲಿ ಕಾಣದ ದಾರಿಗಳಿವೆ, ಒಬ್ಬರ ದಾರಿಯಲ್ಲಿ ಇನ್ನೊಬ್ಬರು ನುಗ್ಗಬಾರದು ಅನ್ನುವುದು ನನಗೆ ಅವತ್ತು ಮನಸ್ಸಿಗೆ ಹೋಯಿತು. ಈಗಲೂ ಯಾರಾದರೂ ಬಂದು ‘ಅಕ್ಕಾ, ಪೊಲೀಸರ ಚಾನೆಲ್ ಹಾಕಿಕೊಡಿ, ಸುಮ್ನೆ ಕೇಳೋಕೆ’ ಅಂದರೆ ವಾಪಸ್ ಕಳಿಸುತ್ತೇನೆ. ಈ ವಿಷಯದಲ್ಲಿ ಮಾರುವವರ ಎಚ್ಚರಿಕೆ ನನಗೆ ಅರ್ಥವಾಗುತ್ತೆ. ಆದರೆ ಲೈಸೆನ್ಸ್ ಇದ್ದು, ಬಿಲ್ ಇದ್ದು, ತಮ್ಮದೇ ಸೆಟ್ಟಿನ ಫೈಲ್ ಕೇಳುವವರನ್ನೂ ಅದೇ ಸಾಲಿನಲ್ಲಿ ನಿಲ್ಲಿಸಬಾರದು.

ಹದಿನಾಲ್ಕನೇ ಸೆಟ್ಟು, ಅರ್ಧದಲ್ಲಿ ಕಪ್ಪಾಗಿದ್ದು, ಈಗಲೂ ನನ್ನ ಮೇಜಿನ ಮೇಲಿದೆ. ಅದನ್ನು ಉಳಿದವಕ್ಕಿಂತ ಒಂದು ವರ್ಷ ತಡವಾಗಿ ಕೊಂಡಿದ್ದಂತೆ. ಮೈ ಅದೇ, ಒಳಗೆ ಜಿಪಿಎಸ್ ಇರುವ ಬೇರೆ ಬೋರ್ಡು. ಹಿಂದಿನ ಚೀಟಿಯಲ್ಲಿ ಜಿ ಅನ್ನುವ ಒಂದು ಅಕ್ಷರ ಜಾಸ್ತಿ ಇದೆ. ಅದು ಸತ್ತಿಲ್ಲ. ಪಕ್ಕದ ಎರಡು ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಕೆಂಪು ದೀಪ, ಹಸಿರು ದೀಪ ಒಂದಾದ ಮೇಲೊಂದು ಮಿನುಗುತ್ತೆ, ಕಂಪ್ಯೂಟರೂ ಅದನ್ನು ಗುರುತಿಸುತ್ತೆ. ಬೇಕಾಗಿರುವುದು ಅದೇ ಬೋರ್ಡಿನ ಫರ್ಮ್‌ವೇರ್ ಫೈಲ್ ಒಂದು. ಟ್ರಸ್ಟಿನವರು ಮಾರಿದವರಿಗೆ ಬಿಲ್ಲಿನ ಪ್ರತಿ ಇಟ್ಟು ಎರಡು ಸಲ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿದ್ದಾರೆ. ನಾನು ಅದರ ಬ್ಯಾಟರಿಯನ್ನು ಚಾರ್ಜ್ ಮಾಡಿ ಇಟ್ಟಿದ್ದೇನೆ. ಫೈಲ್ ಬಂದ ದಿನವೇ ಹಾಕುತ್ತೇನೆ.

ಇಂತಿ,
ವಾಕಿಟಾಕಿ ರಿಪೇರಿ ಮಾಡುವ ಓದುಗಿ
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ